ಫ್ರೆಂಚರಿಗೆ ಚುನಾವಣೆಯೇ ಸಾಕಾಗಿದೆಯೇ?

ಓದುಗರ ಪ್ರಶ್ನೆ: ಪಶ್ಚಿಮದ ದೇಶಗಳ ಜನರಿಗೆ ಪ್ರಜಾಪ್ರಭುತ್ವದ ಮೇಲೆ, ಚುನಾವಣೆಗಳ ಮೇಲೆ ನಂಬಿಕೆ ಹೋಗಿದೆ ಎಂದು ಆಗಾಗ ಓದುತ್ತೇವೆ. ಅಲ್ಲಿ ಹಣ, ಹೆಂಡ, ಸೀರೆ ಹಂಚುವ ಸುದ್ದಿಯಿಲ್ಲ; ಮತಗಟ್ಟೆಗೆ ನುಗ್ಗುವವರಿಲ್ಲ. ಹಾಗಿದ್ದ ಮೇಲೆ ಈ ಬೇಸರ ಯಾತಕ್ಕೆ? ಅವರಿಗೆ ಬೇಕಾಗಿರುವುದಾದರೂ ಏನು?

ಉತ್ತರ: ‘ಪಶ್ಚಿಮ’ ಎಂದು ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟಿದರೆ ಉತ್ತರ ಕೈಗೆ ಸಿಗುವುದಿಲ್ಲ. ಅಮೆರಿಕದಲ್ಲಿ 2020ರ ನಂತರ ಎಣಿಕೆಯೇ ಜಗಳದ ವಸ್ತುವಾಗಿದೆ. ಬ್ರಿಟನ್ನಿನಲ್ಲಿ ತಕರಾರು ಸ್ಥಾನ ಹಂಚಿಕೆಯ ವಿಧಾನದ ಮೇಲೆ. ಹಾಗಾಗಿ ಒಂದೇ ದೇಶವನ್ನು ತೆಗೆದುಕೊಳ್ಳುತ್ತೇನೆ, ಫ್ರಾನ್ಸ್. ನಮಗೆ ತೀರಾ ದೂರದ್ದೂ ಅಲ್ಲ. ಪುದುಚೇರಿಯಲ್ಲಿ ಫ್ರೆಂಚ್ ಪೌರತ್ವ ಉಳಿಸಿಕೊಂಡ ಕುಟುಂಬಗಳು ಇಂದಿಗೂ ಆ ದೇಶದ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುತ್ತವೆ.

ಫ್ರಾನ್ಸಿನಲ್ಲಿ ಎಣಿಕೆಯ ಮೇಲೆ ಅನುಮಾನ ಹುಟ್ಟುವುದೇ ಕಷ್ಟ. ಹೆಚ್ಚಿನ ಕಡೆ ಕಾಗದದ ಚೀಟಿ, ಲಕೋಟೆ, ಪಾರದರ್ಶಕ ಪೆಟ್ಟಿಗೆ. ಮತದಾನ ಮುಗಿದ ಸಂಜೆಯೇ, ಅದೇ ಮತಗಟ್ಟೆಯಲ್ಲಿ, ಊರಿನ ಮತದಾರರೇ ಮೇಜಿನ ಸುತ್ತ ಕುಳಿತು ಲಕೋಟೆ ಬಿಚ್ಚಿ ಎಣಿಸುತ್ತಾರೆ. ಬೇರೆಯವರು ನಿಂತು ನೋಡಬಹುದು. ಇಷ್ಟು ಅಚ್ಚುಕಟ್ಟಾದ ಏರ್ಪಾಡಿದ್ದೂ 2017ರ ಸಂಸತ್ ಚುನಾವಣೆಯ ಎರಡನೇ ಸುತ್ತಿಗೆ ಬಂದವರು ಶೇ 42.6 ಮಾತ್ರ. 2022ರ ಮೊದಲ ಸುತ್ತಿನಲ್ಲಿ ಶೇ 47.5. 2021ರ ಪ್ರಾಂತೀಯ ಚುನಾವಣೆಯಲ್ಲಂತೂ ಮೂವರಲ್ಲಿ ಇಬ್ಬರು ಮನೆಯಲ್ಲೇ ಉಳಿದರು.

ಇಲ್ಲಿಗೆ ನಿಲ್ಲಿಸಿದರೆ ‘ಜನರಿಗೆ ಬೇಸರವಾಗಿದೆ’ ಎಂಬ ಶೀರ್ಷಿಕೆ ಸಲೀಸಾಗಿ ಸಿದ್ಧವಾಗುತ್ತದೆ. ಆದರೆ 2024ರ ಜೂನ್‌ನಲ್ಲಿ ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರನ್ ಸಂಸತ್ತಿನ ಕೆಳಮನೆಯನ್ನು ಇದ್ದಕ್ಕಿದ್ದಂತೆ ವಿಸರ್ಜಿಸಿದರು. ಮೂರೇ ವಾರದಲ್ಲಿ ಚುನಾವಣೆ ನಡೆಯಿತು. ಮರೀನ್ ಲ ಪೆನ್ ಅವರ ಕಡುಬಲಪಂಥೀಯ ಪಕ್ಷ ಅಧಿಕಾರದ ಹೊಸ್ತಿಲಿಗೆ ಬಂದಿತ್ತು. ಆಗ ಮತ ಹಾಕಿದವರು ಶೇ 66ಕ್ಕಿಂತ ಹೆಚ್ಚು. ಎರಡೇ ವರ್ಷದ ಹಿಂದೆ ಮನೆಯಲ್ಲಿ ಕುಳಿತಿದ್ದ ಅದೇ ಜನ. ಮತದಾನವೇ ಬೇಡವಾದವರು ಹೀಗೆ ಎದ್ದು ಬರುವುದಿಲ್ಲ. ನನ್ನ ತಿಳಿವಳಿಕೆಯಲ್ಲಿ ಫ್ರೆಂಚರ ಸಿಟ್ಟು ಮತಪೆಟ್ಟಿಗೆಯ ಮೇಲಲ್ಲ. ಪೆಟ್ಟಿಗೆಯಿಂದ ಹೊರಬಂದ ಮೇಲೆ ತಮ್ಮ ಮತ ಎಲ್ಲಿಗೆ ಹೋಯಿತು ಎಂಬುದರ ಮೇಲೆ.

ಇದರ ಹಳೆಯ ಗಾಯ 2005ರದು. ಐರೋಪ್ಯ ಒಕ್ಕೂಟಕ್ಕೆ ಸಂವಿಧಾನವೊಂದನ್ನು ಕೊಡುವ ಒಪ್ಪಂದ ಸಿದ್ಧವಾಗಿತ್ತು. ಅಧ್ಯಕ್ಷ ಜಾಕ್ ಶಿರಾಕ್ ಅದನ್ನು ಜನಮತಗಣನೆಗೆ ಇಟ್ಟರು. ದೊಡ್ಡ ಪಕ್ಷಗಳು, ಹೆಸರಾಂತ ಪತ್ರಿಕೆಗಳು ಬಹುತೇಕ ‘ಹೌದು’ ಎಂದವು. ಮೇ 29ರಂದು ಶೇ 55ರಷ್ಟು ಜನ ‘ಬೇಡ’ ಎಂದರು. ಮತದಾನವೂ ಶೇ 69ರಷ್ಟಿತ್ತು. ಮೂರು ದಿನದ ನಂತರ ನೆದರ್ಲೆಂಡ್ಸ್ ಇನ್ನೂ ದೊಡ್ಡ ಅಂತರದಿಂದ ಬೇಡ ಎಂದಿತು. ಒಪ್ಪಂದ ಸತ್ತಿತು ಎಂದು ಎಲ್ಲರೂ ತಿಳಿದರು. 2007ರ ಡಿಸೆಂಬರ್‌ನಲ್ಲಿ ಲಿಸ್ಬನ್ ಒಪ್ಪಂದ ಎಂಬ ಹೆಸರಿನಲ್ಲಿ ಅದರ ಬಹುಪಾಲು ತಿರುಳು ಮರಳಿ ಬಂತು. ಈ ಬಾರಿ, ಶಿರಾಕ್ ನಂತರ ಅಧ್ಯಕ್ಷರಾದ ನಿಕೊಲಾ ಸಾರ್ಕೋಜಿ ಜನರನ್ನು ಕೇಳಲಿಲ್ಲ. 2008ರ ಫೆಬ್ರುವರಿಯಲ್ಲಿ ಸಂಸತ್ತೇ ಅದಕ್ಕೆ ಒಪ್ಪಿಗೆ ಕೊಟ್ಟಿತು. ಸಾರ್ಕೋಜಿ ಹೀಗೆ ಮಾಡುವುದಾಗಿ ಚುನಾವಣೆಗೆ ಮುಂಚೆಯೇ ಹೇಳಿದ್ದರು ಎಂಬುದು ನಿಜ. ಸಂಸತ್ತಿಗೆ ಆ ಅಧಿಕಾರ ಇತ್ತು ಎಂಬುದೂ ನಿಜ. ಆದರೂ ‘ಬೇಡ’ ಎಂದವನಿಗೆ ಉಳಿದದ್ದು ಒಂದೇ ನೆನಪು: ನಮ್ಮನ್ನು ಕೇಳಿದರು, ನಾವು ಹೇಳಿದೆವು, ಅವರು ಬೇರೆ ಬಾಗಿಲಿನಿಂದ ಒಳಗೆ ಬಂದರು. ಇಂದಿಗೂ ಎಡ, ಬಲ ಎರಡೂ ಕಡೆಯವರು ವಾದಕ್ಕೆ ಕುಳಿತಾಗ ಈ ಇಸವಿಯನ್ನು ಎತ್ತದೆ ಬಿಡುವುದಿಲ್ಲ.

ಮುಂದಿನದು ಇನ್ನೂ ಹತ್ತಿರದ ಕಾಲದ್ದು. ಅಲ್ಲಿ ಅಧ್ಯಕ್ಷರನ್ನು ಎರಡು ಸುತ್ತಿನಲ್ಲಿ ಆರಿಸುತ್ತಾರೆ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧ ದಾಟದಿದ್ದರೆ ಮೊದಲ ಇಬ್ಬರೇ ಎರಡನೇ ಸುತ್ತಿಗೆ. 2017ರಲ್ಲಿ, 2022ರಲ್ಲಿ ಎರಡೂ ಸಲ ಕೊನೆಗೆ ಎದುರಾದವರು ಮ್ಯಾಕ್ರನ್ ಮತ್ತು ಲ ಪೆನ್. ಎಡಪಂಥೀಯ ಮತದಾರ ಏನು ಮಾಡಬೇಕು? ಮೂಗು ಮುಚ್ಚಿಕೊಂಡು ಮ್ಯಾಕ್ರನ್‌ಗೆ ಹಾಕಬೇಕು, ಇಲ್ಲವೇ ಖಾಲಿ ಲಕೋಟೆ ಹಾಕಬೇಕು. 2017ರಲ್ಲಿ ಖಾಲಿ ಮತ್ತು ಕುಲಗೆಟ್ಟ ಮತಗಳೇ 40 ಲಕ್ಷ ದಾಟಿದವು. 2014ರಿಂದ ಖಾಲಿ ಮತಗಳನ್ನು ಪ್ರತ್ಯೇಕವಾಗಿ ಎಣಿಸಿ ಪ್ರಕಟಿಸುತ್ತಾರೆ, ಆದರೆ ಶೇಕಡಾವಾರು ಲೆಕ್ಕಕ್ಕೆ ಸೇರಿಸುವುದಿಲ್ಲ. ನಮ್ಮ ನೋಟಾದ ಹಾಗೆಯೇ, ಸಿಟ್ಟು ದಾಖಲಾಗುತ್ತದೆ, ಫಲಿತಾಂಶ ಅಲುಗಾಡುವುದಿಲ್ಲ.

2022ರಲ್ಲಿ ಮ್ಯಾಕ್ರನ್ ಶೇ 58.5 ಮತದಿಂದ ಗೆದ್ದರು. ಗೆದ್ದ ರಾತ್ರಿ ಅವರೇ ಒಪ್ಪಿಕೊಂಡರು: ತನಗೆ ಮತ ಹಾಕಿದವರಲ್ಲಿ ಅನೇಕರು ತನ್ನ ವಿಚಾರಗಳನ್ನು ಮೆಚ್ಚಿ ಹಾಕಿಲ್ಲ, ಕಡುಬಲಪಂಥವನ್ನು ತಡೆಯಲು ಹಾಕಿದ್ದಾರೆ, ಆ ಮತದ ಋಣ ತನ್ನ ಮೇಲಿದೆ. ಒಳ್ಳೆಯ ಮಾತು. ಮರುವರ್ಷವೇ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಮಸೂದೆ ಬಂತು. ಎಂಟು ಕಾರ್ಮಿಕ ಸಂಘಟನೆಗಳು ಒಂದಾದವು, ಇದು ಅಲ್ಲಿ ಅಪರೂಪ. 2023ರ ಮಾರ್ಚ್ 7ರಂದು ಬೀದಿಗಿಳಿದವರು ಪೊಲೀಸರ ಲೆಕ್ಕದಲ್ಲೇ 12 ಲಕ್ಷಕ್ಕೂ ಹೆಚ್ಚು. ಕೆಳಮನೆಯಲ್ಲಿ ಸರ್ಕಾರಕ್ಕೆ ಬಹುಮತವಿರಲಿಲ್ಲ. ಮತಕ್ಕೆ ಹಾಕಿದರೆ ಸೋಲಬಹುದು ಎಂಬ ಅಂಜಿಕೆಯಿಂದ ಪ್ರಧಾನಿ ಎಲಿಜಬೆತ್ ಬೋರ್ನ್ ಮಾರ್ಚ್ 16ರಂದು ಸಂವಿಧಾನದ 49ನೇ ವಿಧಿಯ 3ನೇ ಖಂಡವನ್ನು ಹೊರತೆಗೆದರು.

ಈ ಖಂಡವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಇಂಥದ್ದಿಲ್ಲ. ಪ್ರಧಾನಿ ಸದನದಲ್ಲಿ ಎದ್ದು ನಿಂತು, ಈ ಮಸೂದೆಗೆ ಸರ್ಕಾರದ ಅಳಿವು ಉಳಿವನ್ನೇ ಪಣವಾಗಿ ಇಡುತ್ತೇನೆ ಎಂದರೆ ಸಾಕು, ಮಸೂದೆ ಮತಕ್ಕೆ ಹೋಗದೆಯೇ ಅಂಗೀಕಾರವಾದಂತೆ. ತಡೆಯಬೇಕಾದರೆ ವಿರೋಧಿಗಳು 24 ಗಂಟೆಯೊಳಗೆ ಅವಿಶ್ವಾಸ ಗೊತ್ತುವಳಿ ಮಂಡಿಸಿ, ಸದನದ ಒಟ್ಟು ಬಲದ ಅರ್ಧಕ್ಕಿಂತ ಹೆಚ್ಚು ಮತ ಕೂಡಿಸಿ ಸರ್ಕಾರವನ್ನೇ ಕೆಡವಬೇಕು. ನಮ್ಮ ಸುಗ್ರೀವಾಜ್ಞೆಯಾದರೂ ಸದನ ಸೇರಿ ಆರು ವಾರದೊಳಗೆ ಒಪ್ಪಿಗೆ ಪಡೆಯದಿದ್ದರೆ ಬಿದ್ದುಹೋಗುತ್ತದೆ. ಪದೇಪದೇ ಸರ್ಕಾರ ಉರುಳುತ್ತಿದ್ದ ಕಾಲವನ್ನು ಕಂಡು ಬೇಸತ್ತು 1958ರಲ್ಲಿ ನಾಯಕ ಶಾರ್ಲ್ ದ ಗಾಲ್ ಕಾಲದ ಫ್ರೆಂಚ್ ಸಂವಿಧಾನದಲ್ಲಿ ಈ ಖಂಡವನ್ನು ಇಟ್ಟರು. ಅಂದರೆ ಇದು ಕಾನೂನುಬಾಹಿರ ಉಪಾಯವಲ್ಲ, ಸಂವಿಧಾನದಲ್ಲೇ ಇರುವ ಉಪಾಯ. ಅವಿಶ್ವಾಸ ಗೊತ್ತುವಳಿಗೆ ಬೇಕಿದ್ದದ್ದು 287 ಮತ, ಬಿದ್ದದ್ದು 278. ಒಂಬತ್ತು ಮತದ ಕೊರತೆಯಿಂದ ಇಡೀ ದೇಶದ ನಿವೃತ್ತಿ ವಯಸ್ಸು ಎರಡು ವರ್ಷ ಮುಂದೆ ಹೋಯಿತು. ಲ ಪೆನ್ ಅವರನ್ನು ತಡೆಯಲೆಂದು ಮ್ಯಾಕ್ರನ್‌ಗೆ ಮತ ಹಾಕಿದ್ದ ಶಿಕ್ಷಕಿಯೋ ನರ್ಸೋ ಆ ರಾತ್ರಿ ಏನೆಂದುಕೊಂಡಿರಬೇಕು ಎಂದು ಊಹಿಸಲು ದೊಡ್ಡ ರಾಜಕೀಯ ಜ್ಞಾನ ಬೇಕಿಲ್ಲ.

ಇನ್ನು 2024ರ ಆ ಉತ್ಸಾಹದ ಚುನಾವಣೆಗೆ ಬರೋಣ. ಮೊದಲ ಸುತ್ತಿನಲ್ಲಿ ಲ ಪೆನ್ ಪಕ್ಷ ಮತ್ತು ಮಿತ್ರರಿಗೆ ಶೇ 33ರಷ್ಟು ಮತ ಬಂತು, ಎಲ್ಲರಿಗಿಂತ ಹೆಚ್ಚು. ಸಂಸತ್ ಚುನಾವಣೆಯಲ್ಲಿ ಒಂದು ಕ್ಷೇತ್ರದಿಂದ ಇಬ್ಬರಿಗಿಂತ ಹೆಚ್ಚು ಮಂದಿಯೂ ಎರಡನೇ ಸುತ್ತಿಗೆ ಹೋಗಬಹುದು. ಕೂಡಲೇ ಎಡಕೂಟ ಮತ್ತು ಮ್ಯಾಕ್ರನ್ ಬಣದ 200ಕ್ಕೂ ಹೆಚ್ಚು ಅಭ್ಯರ್ಥಿಗಳು ಪರಸ್ಪರರ ಪರವಾಗಿ ಕಣದಿಂದ ಹಿಂದೆ ಸರಿದರು. ಫಲಿತಾಂಶ ಬಂದಾಗ 577 ಸ್ಥಾನಗಳ ಸದನದಲ್ಲಿ ಎಡಕೂಟ ಮೊದಲು, ಮ್ಯಾಕ್ರನ್ ಬಣ ಎರಡನೆಯದು, ಅತಿ ಹೆಚ್ಚು ಮತ ಪಡೆದ ಲ ಪೆನ್ ಕೂಟ ಮೂರನೆಯದು. ಸೆಪ್ಟೆಂಬರ್ 5ರಂದು ಮ್ಯಾಕ್ರನ್ ಪ್ರಧಾನಿಯನ್ನಾಗಿ ನೇಮಿಸಿದ್ದು ಈ ಮೂರರಲ್ಲಿ ಯಾವುದಕ್ಕೂ ಸೇರದ, ಐವತ್ತು ಸದಸ್ಯರೂ ಇಲ್ಲದ ಸಾಂಪ್ರದಾಯಿಕ ಬಲಪಂಥೀಯ ಪಕ್ಷದ ಮಿಶೆಲ್ ಬಾರ್ನಿಯೆ ಅವರನ್ನು! ಎಡಪಂಥೀಯನಿಗೆ, ಮೊದಲು ಬಂದವರು ನಾವು, ಕುರ್ಚಿ ಬೇರೆಯವರದು ಎಂಬ ಸಿಟ್ಟು. ಲ ಪೆನ್ ಬೆಂಬಲಿಗನಿಗೆ, ಹೆಚ್ಚು ಮತ ನಮ್ಮದು, ಸ್ಥಾನ ಬೇರೆಯವರದು ಎಂಬ ಸಿಟ್ಟು. ಒಂದೇ ಚುನಾವಣೆ ಎರಡು ಎದುರಾಳಿ ಗುಂಪುಗಳಿಗೂ ಮೋಸಹೋದ ಭಾವನೆ ಕೊಟ್ಟಿತು.

ಇಲ್ಲಿ ನ್ಯಾಯವಾಗಿ ಹೇಳಬೇಕಾದದ್ದೂ ಇದೆ. ಅಭ್ಯರ್ಥಿಗಳು ಹಿಂದೆ ಸರಿದದ್ದು ವಂಚನೆಯಲ್ಲ. ಹಿಂದೆ ಸರಿದವರ ಮತದಾರರು ಬಯಸಿದ್ದರೆ ಲ ಪೆನ್ ಪಕ್ಷಕ್ಕೇ ಹಾಕಬಹುದಿತ್ತು, ಬಹುತೇಕರು ಹಾಕಲಿಲ್ಲ. ಎಡಕೂಟಕ್ಕೂ ಬಹುಮತದ 289 ಬಹಳ ದೂರವಿತ್ತು. ಅವರು ಸೂಚಿಸಿದ ಲೂಸಿ ಕಾಸ್ತೆ ಪ್ರಧಾನಿಯಾದರೆ ಸದನ ತಕ್ಷಣ ಅವರನ್ನು ಬೀಳಿಸುತ್ತದೆ ಎಂಬ ಮ್ಯಾಕ್ರನ್ ವಾದದಲ್ಲಿ ಹುರುಳಿತ್ತು. ಆದರೆ ಅವರಿಗೆ ಅವಕಾಶ ಕೊಟ್ಟು ಸದನದಲ್ಲೇ ಸೋಲಲು ಬಿಡಬೇಕಿತ್ತು ಎಂದು ನನಗನ್ನಿಸುತ್ತದೆ. ಸೋಲು ಸದನದಲ್ಲಿ ಆಗುವುದಕ್ಕೂ ಅಧ್ಯಕ್ಷರ ಅರಮನೆಯ ಕೋಣೆಯೊಂದರಲ್ಲಿ ತೀರ್ಮಾನವಾಗುವುದಕ್ಕೂ ವ್ಯತ್ಯಾಸವಿದೆ. ಬಾರ್ನಿಯೆ ಸರ್ಕಾರವೇನೂ ಉಳಿಯಲಿಲ್ಲ. ಮೂರೇ ತಿಂಗಳಲ್ಲಿ, ಡಿಸೆಂಬರ್ 4ರಂದು ಬಿತ್ತು. 1962ರ ನಂತರ ಅವಿಶ್ವಾಸ ಗೊತ್ತುವಳಿಯಿಂದ ಬಿದ್ದ ಮೊದಲ ಸರ್ಕಾರ ಅದು. ನಂತರ ಬಂದ ಫ್ರಾನ್ಸ್ವಾ ಬೈರೂ 2025ರ ಸೆಪ್ಟೆಂಬರ್‌ನಲ್ಲಿ ವಿಶ್ವಾಸಮತ ಕೇಳಿ ಸೋತರು. ಅವರ ನಂತರದ ಸೆಬಾಸ್ಟಿಯನ್ ಲೆಕೊರ್ನು ಸಂಪುಟ ಪ್ರಕಟಿಸಿದ ಮರುದಿನವೇ ರಾಜೀನಾಮೆ ಕೊಟ್ಟರು, ಅದೇ ವಾರ ಮತ್ತೆ ನೇಮಕಗೊಂಡರು. ಕುರ್ಚಿ ಉಳಿಸಿಕೊಳ್ಳಲು ಅವರು ಮಾಡಿದ ಘೋಷಣೆ ಯಾವುದು ಗೊತ್ತೇ? 2023ರ ಪಿಂಚಣಿ ಸುಧಾರಣೆಯನ್ನು ಮುಂದಿನ ಅಧ್ಯಕ್ಷೀಯ ಚುನಾವಣೆಯವರೆಗೆ ತಡೆಹಿಡಿಯುವುದು.

ಚುನಾವಣೆಯ ಆಚೆಗೂ ಜನರ ಮಾತು ಕೇಳುವ ಪ್ರಯತ್ನಗಳು ನಡೆದವು. 2018ರ ನವೆಂಬರ್‌ನಲ್ಲಿ ಇಂಧನ ತೆರಿಗೆಯ ವಿರುದ್ಧ ಹಳದಿ ಅಂಗಿಯವರ ಚಳವಳಿ ಎದ್ದಾಗ ಊರೂರಿನ ಪುರಸಭೆಗಳಲ್ಲಿ ದೂರುಪುಸ್ತಕಗಳನ್ನು ಇಟ್ಟರು. 1789ರ ಕ್ರಾಂತಿಗೆ ಮುಂಚೆ ಅರಸನಿಗೆ ದೂರು ಬರೆದ ಪುಸ್ತಕಗಳ ನೆನಪು ಅದು. ಜನ ಕೈಬರಹದಲ್ಲಿ ಪುಟಗಟ್ಟಲೆ ಬರೆದರು. ಪುಸ್ತಕಗಳು ಜಿಲ್ಲಾ ಪತ್ರಾಗಾರಗಳ ಕಪಾಟು ಸೇರಿದವು. ಮುಂದೆ 150 ಮಂದಿಯನ್ನು ಚೀಟಿ ಎತ್ತಿ ಆರಿಸಿ ಹವಾಮಾನ ಕುರಿತ ನಾಗರಿಕ ಸಭೆ ಮಾಡಿದರು. ಅವರು 2020ರಲ್ಲಿ 149 ಸಲಹೆ ಕೊಟ್ಟರು. ಶೋಧಿಸದೆ ಮುಂದಕ್ಕೆ ಕಳಿಸುತ್ತೇನೆ ಎಂದು ಮ್ಯಾಕ್ರನ್ ಮಾತು ಕೊಟ್ಟಿದ್ದರು. ಸರ್ಕಾರ ತಮ್ಮ ಸಲಹೆಗಳನ್ನು ನಡೆಸಿಕೊಂಡ ರೀತಿಗೆ ಆ ಸದಸ್ಯರೇ ಕೊನೆಯಲ್ಲಿ ಕೊಟ್ಟ ಅಂಕ, ಹತ್ತಕ್ಕೆ 3.3. ಮೂಗಿಗೆ ತುಪ್ಪ ಸವರುವುದೆಂದರೆ ಇದೇ. ಇಂಥ ಪ್ರಯತ್ನ ಮಾಡದೆ ಇದ್ದಿದ್ದರೆ ಆಗುತ್ತಿದ್ದ ಬೇಸರಕ್ಕಿಂತ, ಮಾಡಿ ಕೈಬಿಟ್ಟಾಗ ಆಗುವ ಬೇಸರ ಹೆಚ್ಚಿನದು.

ಹಾಗಾದರೆ ಅವರಿಗೆ ಬೇಕಾಗಿರುವುದೇನು? ಪ್ಯಾರಿಸ್‌ನ ಸಿಯಾನ್ಸ್ ಪೋ ಸಂಸ್ಥೆಯ ಸಂಶೋಧಕರು 2009ರಿಂದ ನಂಬಿಕೆಯ ಸಮೀಕ್ಷೆ ನಡೆಸುತ್ತಿದ್ದಾರೆ. ರಾಜಕೀಯ ಪಕ್ಷಗಳಿಗೆ ಅದರಲ್ಲಿ ಸದಾ ತಳದ ಸ್ಥಾನ. ರಾಷ್ಟ್ರಮಟ್ಟದ ನಾಯಕರೂ ಮೇಲೇಳುವುದಿಲ್ಲ. ಊರಿನ ಮೇಯರ್‌ಗೆ ಮಾತ್ರ ಅರ್ಧಕ್ಕಿಂತ ಹೆಚ್ಚು ಜನರ ವಿಶ್ವಾಸ ಉಳಿದಿದೆ. ಫ್ರಾನ್ಸಿನಲ್ಲಿ ಸುಮಾರು 35 ಸಾವಿರ ಪುರಸಭೆಗಳಿವೆ, ಎಷ್ಟೋ ನಮ್ಮ ಹಳ್ಳಿಗಳಿಗಿಂತ ಚಿಕ್ಕವು. ಅಲ್ಲಿ ಶಾಲೆಯ ಮಾಡು ಸೋರಿದರೆ ಯಾರನ್ನು ಕೇಳಬೇಕೆಂದು ಗೊತ್ತು, ಸರಿಹೋಯಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುತ್ತದೆ. ಮೇಯರ್ ಕೂಡ ಚುನಾವಣೆಯಲ್ಲಿ ಗೆದ್ದು ಬಂದವರೇ. ಹಳದಿ ಅಂಗಿಯವರ ದೊಡ್ಡ ಬೇಡಿಕೆಗಳಲ್ಲಿ ಒಂದು, ಸಾಕಷ್ಟು ಸಹಿ ಕೂಡಿದರೆ ಜನರೇ ಜನಮತಗಣನೆ ನಡೆಸುವಂತೆ ಮಾಡುವ ಹಕ್ಕು. ಅದು ಸಿಕ್ಕಿಲ್ಲ. 2008ರ ತಿದ್ದುಪಡಿಯಲ್ಲಿ ಬಂದ ಹತ್ತಿರದ ಏರ್ಪಾಡೊಂದಿದೆ. ಅದಕ್ಕೆ ಮೊದಲು ಸಂಸತ್ತಿನ ಐದನೇ ಒಂದು ಭಾಗದ ಸದಸ್ಯರು ಬೇಕು, ಆಮೇಲೆ ಮತದಾರರಲ್ಲಿ ಹತ್ತನೇ ಒಂದು ಭಾಗದ ಸಹಿ ಬೇಕು. ಇದುವರೆಗೆ ಆ ದಾರಿಯಲ್ಲಿ ಒಂದು ಜನಮತಗಣನೆಯೂ ನಡೆದಿಲ್ಲ. 64 ವರ್ಷದ ನಿವೃತ್ತಿಯನ್ನು ತಡೆಯಲು ಅದೇ ದಾರಿ ಹಿಡಿದಾಗ, ಕಾನೂನುಗಳು ಸಂವಿಧಾನಕ್ಕೆ ಹೊಂದುತ್ತವೆಯೇ ಎಂದು ನೋಡುವ ಸಾಂವಿಧಾನಿಕ ಮಂಡಳಿ ಅರ್ಜಿಯನ್ನು ಎರಡು ಬಾರಿ ತಿರಸ್ಕರಿಸಿತು, ಸಹಿ ಸಂಗ್ರಹ ಶುರುವಾಗುವುದಕ್ಕೆ ಮುಂಚೆಯೇ.