ಫೈಲ್ ಅಸೋಸಿಯೇಷನ್ ಹೈಜಾಕ್ ಅಂದರೆ ಏನು?

ವಿಂಡೋಸ್ 7 ಕಾಲದ ಮಾತು. ಪರಿಚಯದ ಹಿರಿಯರೊಬ್ಬರು ಗಾಬರಿಯಿಂದ ಫೋನ್ ಮಾಡಿದ್ದರು. ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಇಟ್ಟುಕೊಂಡಿದ್ದ ದಾಖಲೆಗಳೆಲ್ಲ ಹಾಳಾಗಿವೆ ಎಂದರು. ಹೋಗಿ ನೋಡಿದರೆ ಫೋಲ್ಡರಿನ ತುಂಬ ಅವರು ಹಿಂದೆಂದೂ ಕಾಣದ ಕಿತ್ತಳೆ ಬಣ್ಣದ ಐಕಾನ್‌ಗಳು. ಯಾವ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೂ ಹೆಸರೇ ಕೇಳದ ರೀಡರ್ ಒಂದು ತೆರೆದುಕೊಂಡು, ಮೊದಲು ದುಡ್ಡು ಕೊಟ್ಟು ಪೂರ್ತಿ ಆವೃತ್ತಿ ಕೊಳ್ಳಿ ಎನ್ನುತ್ತಿತ್ತು. ಹಿಂದಿನ ದಿನ ಅವರು ಹಾಕಿಕೊಂಡಿದ್ದು ವಿಡಿಯೊ ಕತ್ತರಿಸುವ ಒಂದು ಉಚಿತ ಸಾಫ್ಟ್‌ವೇರ್. ಅದರ ಜೊತೆಗೇ ಈ ರೀಡರೂ ಬಂದು ಕೂತಿತ್ತು. ದಾಖಲೆಗಳಿಗೆ ಏನೂ ಆಗಿರಲಿಲ್ಲ, ಒಂದಕ್ಷರವೂ ಅಳಿಸಿರಲಿಲ್ಲ. ಅವುಗಳನ್ನು ತೆರೆಯುವವರು ಯಾರು ಅನ್ನುವುದಷ್ಟೇ ಬದಲಾಗಿತ್ತು.

ಈ ‘ಯಾರು’ ಅನ್ನುವುದರ ಲೆಕ್ಕಕ್ಕೇ ಫೈಲ್ ಅಸೋಸಿಯೇಷನ್ ಎಂದು ಹೆಸರು. ಡಬಲ್ ಕ್ಲಿಕ್ ಮಾಡಿದಾಗ ವಿಂಡೋಸ್ ಫೈಲಿನ ಒಳಗೆ ಇಣುಕಿ ನೋಡುವುದಿಲ್ಲ. ಹೆಸರಿನ ಕೊನೆಯ ಚುಕ್ಕಿಯ ನಂತರದ ಬಾಲವನ್ನು, ಅಂದರೆ ಎಕ್ಸ್‌ಟೆನ್ಷನ್ ಅನ್ನು, ನೋಡುತ್ತದೆ. ಆಮೇಲೆ ರಿಜಿಸ್ಟ್ರಿ ಎಂಬ ತನ್ನ ದೊಡ್ಡ ದಫ್ತರದಲ್ಲಿ ಆ ಬಾಲಕ್ಕೆ ಯಾವ ಪ್ರೋಗ್ರಾಮ್ ಗೊತ್ತುಮಾಡಿದೆ ಎಂದು ಹುಡುಕುತ್ತದೆ. ಟಿಎಕ್ಸ್‌ಟಿ ಎಂದಿದ್ದರೆ ‘ಟಿಎಕ್ಸ್‌ಟಿಫೈಲ್’ ಎಂಬ ವರ್ಗಕ್ಕೆ ಹೋಗುತ್ತದೆ, ಆ ವರ್ಗದ ಕೆಳಗೆ ತೆರೆಯುವ ಆದೇಶವಾಗಿ ನೋಟ್‌ಪ್ಯಾಡ್‌ನ ವಿಳಾಸ ಸಿಗುತ್ತದೆ. ಐಕಾನ್ ಯಾವುದು ಅನ್ನುವುದೂ ಅಲ್ಲೇ ಬರೆದಿರುತ್ತದೆ. ಅದಕ್ಕೇ ಒಂದು ಸಾಲು ಬದಲಾದರೆ ಸಾವಿರ ಫೈಲುಗಳ ಮುಖ ಒಟ್ಟಿಗೇ ಬದಲಾಗುತ್ತದೆ, ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ.

ಹೊಸ ಪ್ರೋಗ್ರಾಮ್ ‘ನಾನೂ ಪಿಡಿಎಫ್ ತೆರೆಯಬಲ್ಲೆ’ ಎಂದು ರಿಜಿಸ್ಟ್ರಿಯಲ್ಲಿ ಹೆಸರು ಬರೆಸಿಕೊಳ್ಳುವುದರಲ್ಲಿ ತಪ್ಪಿಲ್ಲ. ‘ಓಪನ್ ವಿತ್’ ಪಟ್ಟಿಗೆ ಅದು ಸೇರುವುದು ಹಾಗೆಯೇ. ನೀವು ಕೂರಿಸಿದ್ದ ಪ್ರೋಗ್ರಾಮನ್ನು ಎಬ್ಬಿಸಿ, ನಿಮ್ಮನ್ನು ಕೇಳದೆ ಆ ಜಾಗದಲ್ಲಿ ತಾನು ಕೂತಾಗ ಅದು ಹೈಜಾಕ್. ಎಷ್ಟೋ ಉಚಿತ ಸಾಫ್ಟ್‌ವೇರ್‌ಗಳು ಕೇಳಿದಂತೆ ಮಾಡುತ್ತವೆ: ಇನ್‌ಸ್ಟಾಲ್ ಮಾಡುವಾಗ ಮೂರನೆಯದೋ ನಾಲ್ಕನೆಯದೋ ಪರದೆಯಲ್ಲಿ ಸಣ್ಣ ಅಕ್ಷರದ ಸಾಲು, ಅದರ ಮುಂದೆ ಮೊದಲೇ ಹಾಕಿಟ್ಟ ಟಿಕ್ ಗುರುತು. ಬೇಗ ಮುಗಿಸುವ ‘ಎಕ್ಸ್‌ಪ್ರೆಸ್’ ಬಟನ್ ಒತ್ತಿದವರಿಗೆ ಆ ಸಾಲು ಕಾಣಿಸುವುದೂ ಇಲ್ಲ. ಅದನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ದುಡ್ಡು ತೆಗೆದುಕೊಳ್ಳದ ತಯಾರಕರಿಗೆ ನಿಮ್ಮ ಡಬಲ್ ಕ್ಲಿಕ್ಕೇ ಬಂಡವಾಳ. ಪ್ರತಿ ಸಲ ಫೈಲ್ ತೆರೆದಾಗಲೂ ಜಾಹೀರಾತು ತೋರಿಸಬಹುದು, ಹಣದ ಆವೃತ್ತಿಯನ್ನು ನೆನಪಿಸಬಹುದು. ಹಾಗಂತ ಉಚಿತವಾದದ್ದೆಲ್ಲ ಹೀಗೆ ಅಲ್ಲ. ಸ್ಪಷ್ಟವಾಗಿ ಕೇಳಿ, ಬೇಡವೆಂದರೆ ಸುಮ್ಮನಾಗುವ ಒಳ್ಳೆಯ ಉಚಿತ ಸಾಫ್ಟ್‌ವೇರ್ ಬೇಕಾದಷ್ಟಿವೆ.

ವಿಂಡೋಸ್ 7ರವರೆಗೆ ಯಾವ ಪ್ರೋಗ್ರಾಮ್ ಬೇಕಾದರೂ ತಾನೇ ಈ ಬದಲಾವಣೆ ಮಾಡಬಹುದಿತ್ತು. 2012ರಲ್ಲಿ ಬಂದ ವಿಂಡೋಸ್ 8 ಬಿಗಿ ಮಾಡಿತು. ರಿಜಿಸ್ಟ್ರಿಯಲ್ಲಿ ಬಳಕೆದಾರರ ಆಯ್ಕೆ ಬರೆದಿಡುವ ‘ಯೂಸರ್ ಚಾಯ್ಸ್’ ಎಂಬ ಕಡೆ, ಆ ಆಯ್ಕೆಯ ಪಕ್ಕದಲ್ಲಿ ಹ್ಯಾಷ್ ಎಂಬ ಮುದ್ರೆಯನ್ನೂ ಒತ್ತಿಡುವ ಪದ್ಧತಿ ಶುರುವಾಯಿತು. ಬೇರೆಯವರು ಕೈಯಾಡಿಸಿದರೆ ಮುದ್ರೆ ತಾಳೆಯಾಗುವುದಿಲ್ಲ, ಆಯ್ಕೆ ರದ್ದಾಗುತ್ತದೆ. ಮುಂದೆ ಆ ಮುದ್ರೆಯ ಲೆಕ್ಕವನ್ನೂ ಹೊರಗಿನವರು ಬಿಡಿಸಿದರು. 2024ರಲ್ಲಿ ಮೈಕ್ರೋಸಾಫ್ಟ್ ಪಿಡಿಎಫ್ ಮತ್ತು ವೆಬ್ ಕೊಂಡಿಗಳ ಆಯ್ಕೆಗೆ ಯುಸಿಪಿಡಿ ಎಂಬ ಡ್ರೈವರನ್ನು, ಅಂದರೆ ವಿಂಡೋಸ್‌ನ ಒಳಪದರದಲ್ಲೇ ಓಡುವ ಪ್ರೋಗ್ರಾಮನ್ನು, ಕಾವಲಿಟ್ಟಿತು.

ಇದೇ ವಿದ್ಯೆ ದುರುಳರ ಕೈಗೆ ಸಿಕ್ಕರೆ ಸಂಗತಿ ಗಂಭೀರ. 2001ರ ಸರ್‌ಕ್ಯಾಮ್ ಎಂಬ ವರ್ಮ್, ಅಂದರೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹರಡುವ ದುಷ್ಟ ಪ್ರೋಗ್ರಾಮ್, ಪ್ರೋಗ್ರಾಮ್‌ಗಳೇ ಇರುವ ಇಎಕ್ಸ್‌ಇ ಫೈಲುಗಳ ಅಸೋಸಿಯೇಷನ್ನನ್ನೇ ತಿದ್ದಿತ್ತು. ಅಂದರೆ ಯಾವ ಪ್ರೋಗ್ರಾಮ್ ತೆರೆದರೂ ಮೊದಲು ವರ್ಮ್ ಓಡುತ್ತಿತ್ತು. ಆತುರದಲ್ಲಿ ವರ್ಮ್‌ನ ಫೈಲನ್ನಷ್ಟೇ ಅಳಿಸಿದವರ ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಮೂ ತೆರೆಯದಂತಾಗುತ್ತಿತ್ತು, ಏಕೆಂದರೆ ರಿಜಿಸ್ಟ್ರಿ ಇನ್ನೂ ಅದನ್ನೇ ಹುಡುಕುತ್ತಿತ್ತು.

ಸಾಮಾನ್ಯ ಹೈಜಾಕ್ ಸರಿಪಡಿಸುವುದು ಸುಲಭ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಓಪನ್ ವಿತ್’, ಅಲ್ಲಿಂದ ‘ಚೂಸ್ ಅನದರ್ ಆ್ಯಪ್’, ನಿಮ್ಮ ಪ್ರೋಗ್ರಾಮ್ ಆರಿಸಿ ‘ಆಲ್ವೇಸ್’ ಎನ್ನಿ. ಸೆಟ್ಟಿಂಗ್ಸ್‌ನ ‘ಡೀಫಾಲ್ಟ್ ಆ್ಯಪ್ಸ್’ ಪುಟದಲ್ಲೂ ಇದನ್ನೇ ಮಾಡಬಹುದು. ಬೇಡದ ಸಾಫ್ಟ್‌ವೇರನ್ನು ಅನ್‌ಇನ್‌ಸ್ಟಾಲ್ ಮಾಡುವುದು ಆಮೇಲೆ. ಮೊದಲೇ ತೆಗೆದರೆ ಕೆಲವೊಮ್ಮೆ ಫೈಲುಗಳು ವಾರಸುದಾರರಿಲ್ಲದೆ ಬಿಳಿ ಹಾಳೆಯ ಐಕಾನ್ ಹೊತ್ತು ನಿಲ್ಲುತ್ತವೆ, ಆಗ ಇನ್ನೊಂದು ಸುತ್ತು ಗಾಬರಿ. ಆ ಹಿರಿಯರ ಕಂಪ್ಯೂಟರಿನಲ್ಲಿ ಹಳೆಯ ರೀಡರನ್ನು ಮತ್ತೆ ಆರಿಸಿದ್ದೇ ತಡ, ಕಿತ್ತಳೆ ಬಣ್ಣವೆಲ್ಲ ಒಟ್ಟಿಗೇ ಮಾಯವಾಯಿತು. ಅವರು ಒಂದೊಂದೇ ದಾಖಲೆ ತೆರೆದು, ಕೊನೆಯ ಪುಟದವರೆಗೂ ನೋಡಿಯೇ ಕಂಪ್ಯೂಟರ್ ಆಫ್ ಮಾಡಿದರು.