ಡೆಲವೇರ್ ತೆರಿಗೆ ಸ್ವರ್ಗವೇ? ಉತ್ತರ ಅಕ್ಕಪಕ್ಕದ ರಾಜ್ಯಗಳ ಕಾನೂನಿನಲ್ಲಿದೆ

ಅಮೆರಿಕದಲ್ಲಿ ಕಂಪನಿ ಸ್ಥಾಪಿಸಲು ಹೊರಟವರು ತೆರಿಗೆ ಸಲಹೆಗಾರರ ಮುಂದೆ ಕುಳಿತಾಗ ಬಹುತೇಕ ಮೊದಲಿಗೆ ಕೇಳುವ ಪ್ರಶ್ನೆ, ಡೆಲವೇರ್ ರಾಜ್ಯದಲ್ಲಿ ನೋಂದಣಿ ಮಾಡಿಸಿದರೆ ಎಷ್ಟು ತೆರಿಗೆ ಉಳಿಯುತ್ತದೆ ಎಂಬುದು. ನೋಂದಣಿ ಒಂದರಿಂದಲೇ ಏನೂ ಉಳಿಯುವುದಿಲ್ಲ ಎಂದು ಹೇಳಿದರೆ ಹಲವರಿಗೆ ನಂಬಿಕೆ ಬರುವುದಿಲ್ಲ. ಅಮೆರಿಕದ ಅತಿ ದೊಡ್ಡ 500 ಕಂಪನಿಗಳಲ್ಲಿ ಮೂರನೇ ಎರಡಕ್ಕಿಂತ ಹೆಚ್ಚಿನವು ಆ ಪುಟ್ಟ ರಾಜ್ಯದಲ್ಲೇ ನೋಂದಣಿಯಾಗಿರುವಾಗ ಅದಕ್ಕೆ ತೆರಿಗೆಯೇ ಕಾರಣವಾಗಿರಬೇಕು ಎಂದು ಊಹಿಸುವುದು ಸಹಜ. ಆ ಊಹೆ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಬಹುರಾಜ್ಯ ಕಂಪನಿಗಳ ತೆರಿಗೆ ಲೆಕ್ಕಗಳನ್ನು ಪರಿಶೀಲಿಸುವ ವೃತ್ತಿಯಲ್ಲಿರುವವನಾಗಿ, ಈ ಎರಡನ್ನೂ ಬೇರ್ಪಡಿಸಿ ನೋಡದೆ ಇದ್ದರೆ ಚರ್ಚೆ ದಾರಿ ತಪ್ಪುತ್ತದೆ ಎಂದು ನಾನು ಬಲವಾಗಿ ನಂಬಿದ್ದೇನೆ.

ಮೊದಲು ಸುಳ್ಳಿನ ಭಾಗ. ಅಮೆರಿಕದ ಕಂಪನಿ ಯಾವ ರಾಜ್ಯದಲ್ಲೇ ನೋಂದಣಿಯಾಗಿರಲಿ, ಕೇಂದ್ರ ಸರ್ಕಾರದ ಕಾರ್ಪೊರೇಟ್ ತೆರಿಗೆ 2018ರಿಂದ ಶೇ 21ರ ದರದಲ್ಲಿ ಎಲ್ಲರಿಗೂ ಒಂದೇ. ಅದರ ಮೇಲೆ ರಾಜ್ಯಗಳು ಹಾಕುವ ಆದಾಯ ತೆರಿಗೆ, ಕಂಪನಿ ಎಲ್ಲಿ ಹುಟ್ಟಿತು ಎಂಬುದನ್ನು ನೋಡದೆ ವ್ಯಾಪಾರ ಎಲ್ಲಿ ನಡೆಯಿತು ಎಂಬುದನ್ನು ನೋಡುತ್ತದೆ. ಹಿಂದೆ ಆಸ್ತಿ, ವೇತನ ಮತ್ತು ಮಾರಾಟ ಈ ಮೂರೂ ಯಾವ ರಾಜ್ಯದಲ್ಲಿ ಎಷ್ಟಿವೆ ಎಂದು ಲೆಕ್ಕ ಹಾಕಿ ಲಾಭವನ್ನು ಹಂಚುತ್ತಿದ್ದರು; ಈಗ ಹೆಚ್ಚಿನ ರಾಜ್ಯಗಳು ಮಾರಾಟವೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡಿವೆ. ಟೆಕ್ಸಾಸ್‌ನಲ್ಲಿ ಕಾರ್ಖಾನೆ ಇಟ್ಟುಕೊಂಡು ಕ್ಯಾಲಿಫೋರ್ನಿಯಾದಲ್ಲಿ ಸರಕು ಮಾರುವ ಕಂಪನಿಯ ನೋಂದಣಿ ಪತ್ರದಲ್ಲಿ ಡೆಲವೇರ್ ಎಂದಿದ್ದರೂ, ನೆವಾಡ ಎಂದಿದ್ದರೂ ಕ್ಯಾಲಿಫೋರ್ನಿಯಾಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ವ್ಯತ್ಯಾಸವಾಗುವುದಿಲ್ಲ. ಡೆಲವೇರ್ ಕೂಡ ತನ್ನ ಗಡಿಯೊಳಗೆ ವ್ಯಾಪಾರ ಮಾಡುವವರ ಮೇಲೆ ಶೇ 8.7ರ ಆದಾಯ ತೆರಿಗೆ ಹಾಕುತ್ತದೆ. ಇದರ ಜೊತೆಗೆ ಅಲ್ಲಿ ನೋಂದಣಿಯಾದ ಕಂಪನಿಗಳು ನೋಂದಣಿಯನ್ನು ಉಳಿಸಿಕೊಳ್ಳಲು ಪ್ರತಿ ವರ್ಷ ಫ್ರಾಂಚೈಸ್ ತೆರಿಗೆ ಎಂಬುದನ್ನು ಕಟ್ಟಬೇಕು. ಅದರ ಗರಿಷ್ಠ ಮಿತಿ 2,00,000 ಡಾಲರ್, ಷೇರುಪೇಟೆಯಲ್ಲಿರುವ ತೀರ ದೊಡ್ಡ ಕಂಪನಿಗಳಿಗೆ 2,50,000 ಡಾಲರ್. ನೋಂದಣಿಯ ಮಟ್ಟಿಗೆ ಹೇಳುವುದಾದರೆ ಡೆಲವೇರ್ ಆಯ್ದುಕೊಂಡ ಕಂಪನಿಗೆ ಖರ್ಚು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಾಗಿದ್ದೂ ಅಲ್ಲಿಗೆ ಹೋಗುವುದು ಏಕೆಂದರೆ ಅಲ್ಲಿನ ಕಂಪನಿ ಕಾನೂನು ಮತ್ತು ನ್ಯಾಯಾಲಯಕ್ಕಾಗಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಂಪನಿಗಳ ನೆಚ್ಚಿನ ರಾಜ್ಯ ನ್ಯೂಜೆರ್ಸಿಯಾಗಿತ್ತು. ಡೆಲವೇರ್ 1899ರಲ್ಲಿ ಅದೇ ಮಾದರಿಯ ಸಡಿಲ ಕಾನೂನನ್ನು ತಂದಿತು. 1913ರಲ್ಲಿ ವುಡ್ರೋ ವಿಲ್ಸನ್ ಗವರ್ನರ್ ಆಗಿದ್ದಾಗ ನ್ಯೂಜೆರ್ಸಿ ತನ್ನ ಕಾನೂನನ್ನು ಬಿಗಿಗೊಳಿಸಿತು. ಅದರ ನಂತರ ಕಂಪನಿಗಳು ಡೆಲವೇರ್ ಕಡೆ ಸಾಲುಗಟ್ಟಿದವು. 1792ರಿಂದ ನಡೆದು ಬಂದಿರುವ ಅಲ್ಲಿನ ಚಾನ್ಸರಿ ನ್ಯಾಯಾಲಯದಲ್ಲಿ ಜ್ಯೂರಿ ಇರುವುದಿಲ್ಲ. ಕಂಪನಿ ವ್ಯವಹಾರದಲ್ಲಿ ಪಳಗಿದ ನ್ಯಾಯಾಧೀಶರೇ ತೀರ್ಪು ಬರೆಯುತ್ತಾರೆ. ಶತಮಾನದ ತೀರ್ಪುಗಳು ಬೆನ್ನಿಗಿರುವುದರಿಂದ ಮುಂದಿನ ತೀರ್ಪು ಹೇಗೆ ಬಂದೀತು ಎಂದು ವಕೀಲರು ತಕ್ಕಮಟ್ಟಿಗೆ ಊಹಿಸಬಲ್ಲರು. ಹೂಡಿಕೆದಾರರಿಗೆ ಬೇಕಿರುವುದು ಈ ಖಚಿತತೆ. 2024ರಲ್ಲಿ ಟೆಸ್ಲಾ ತನ್ನ ನೋಂದಣಿಯನ್ನು ಟೆಕ್ಸಾಸ್‌ಗೆ ಬದಲಿಸಿದಾಗಲೂ ಜಗಳ ಎದ್ದದ್ದು ಮುಖ್ಯಸ್ಥರ ಸಂಭಾವನೆಯ ಬಗ್ಗೆ ಚಾನ್ಸರಿ ಕೊಟ್ಟ ತೀರ್ಪಿನ ಮೇಲೆ; ತೆರಿಗೆಯ ಮಾತು ಅಲ್ಲಿ ಬರಲೇ ಇಲ್ಲ.

ಈ ಕಾರಣಕ್ಕೇ ವಿಲ್ಮಿಂಗ್‌ಟನ್ ನಗರದ 1209 ನಾರ್ತ್ ಆರೆಂಜ್ ಸ್ಟ್ರೀಟ್ ಎಂಬ ವಿಳಾಸದ ಬಗ್ಗೆ ಬರುವ ಸುದ್ದಿಗಳನ್ನು ಎಚ್ಚರಿಕೆಯಿಂದ ಓದಬೇಕು. ಆ ಒಂದೇ ಕಟ್ಟಡದಲ್ಲಿ ಸುಮಾರು 2.85 ಲಕ್ಷ ಕಂಪನಿಗಳ ವಿಳಾಸವಿದೆ ಎಂದು 2012ರಲ್ಲಿ ವರದಿಯಾಗಿತ್ತು. ಸಂಖ್ಯೆ ಬೆರಗುಗೊಳಿಸುವಂಥದ್ದೇ. ಆದರೆ ಅದು ನೋಂದಾಯಿತ ಏಜೆಂಟರ ವಿಳಾಸ. ಕಂಪನಿಯ ಹೆಸರಿಗೆ ಬರುವ ನ್ಯಾಯಾಲಯದ ಸಮನ್ಸು, ಸರ್ಕಾರಿ ನೋಟಿಸುಗಳನ್ನು ಸ್ವೀಕರಿಸುವುದಕ್ಕಾಗಿ ಕಾನೂನು ಕಡ್ಡಾಯ ಮಾಡಿರುವ ವ್ಯವಸ್ಥೆ. ತೆರಿಗೆ ತಪ್ಪಿದೆಯೋ ಇಲ್ಲವೋ ಎಂಬುದನ್ನು ಆ ವಿಳಾಸ ಹೇಳುವುದಿಲ್ಲ.

ಇನ್ನು ನಿಜದ ಭಾಗ. ಟ್ರೇಡ್‌ಮಾರ್ಕ್, ಪೇಟೆಂಟ್, ಸಾಲಪತ್ರ, ಷೇರುಗಳಂಥ ಅಮೂರ್ತ ಆಸ್ತಿಗಳನ್ನು ಇಟ್ಟುಕೊಂಡು ನಿರ್ವಹಿಸುವುದು ಮತ್ತು ಅವುಗಳ ಆದಾಯವನ್ನು ಸಂಗ್ರಹಿಸಿ ಹಂಚುವುದಷ್ಟೇ ರಾಜ್ಯದೊಳಗಿನ ಚಟುವಟಿಕೆಯಾಗಿದ್ದರೆ ಅಂಥ ಕಂಪನಿಗೆ ಡೆಲವೇರ್ ತನ್ನ ಆದಾಯ ತೆರಿಗೆಯಿಂದ ಪೂರ್ಣ ವಿನಾಯಿತಿ ಕೊಡುತ್ತದೆ. ರಾಜ್ಯದ ತೆರಿಗೆ ಸಂಹಿತೆಯ 1902ನೇ ಕಲಮಿನ ಒಂದು ಉಪಕಲಮಿನಲ್ಲಿರುವ ಈ ವಿನಾಯಿತಿಯೇ ಇಡೀ ವಿವಾದದ ಬೇರು.

ಒಂದು ಲೆಕ್ಕ ಹಾಕಿ ನೋಡೋಣ. ಶೇ 6ರ ತೆರಿಗೆ ಇರುವ, ಪ್ರತಿ ಕಂಪನಿಯ ಲೆಕ್ಕವನ್ನು ಪ್ರತ್ಯೇಕವಾಗಿ ನೋಡುವ ಒಂದು ರಾಜ್ಯದಲ್ಲಿ ಮಾತ್ರ ಅಂಗಡಿಗಳಿರುವ ಚಿಲ್ಲರೆ ಮಾರಾಟ ಕಂಪನಿಯೊಂದು ವರ್ಷಕ್ಕೆ 10 ಕೋಟಿ ಡಾಲರ್ ವಹಿವಾಟು ನಡೆಸಿ 80 ಲಕ್ಷ ಡಾಲರ್ ಲಾಭ ಗಳಿಸುತ್ತದೆ ಎಂದುಕೊಳ್ಳಿ. ಕಂಪನಿ ಡೆಲವೇರ್‌ನಲ್ಲಿ ಒಂದು ಅಂಗಸಂಸ್ಥೆಯನ್ನು ತೆರೆದು ತನ್ನ ಅಂಗಡಿಯ ಹೆಸರಿನ ಟ್ರೇಡ್‌ಮಾರ್ಕನ್ನು ಅದಕ್ಕೆ ವರ್ಗಾಯಿಸುತ್ತದೆ. ಆಮೇಲೆ ಅದೇ ಹೆಸರನ್ನು ಬಳಸುವುದಕ್ಕೆ ಮಾರಾಟದ ಶೇ 3ರಷ್ಟನ್ನು, ಅಂದರೆ 30 ಲಕ್ಷ ಡಾಲರನ್ನು, ಅಂಗಸಂಸ್ಥೆಗೆ ರಾಯಲ್ಟಿ ಎಂದು ಕೊಡುತ್ತದೆ. ಅಂಗಡಿಗಳಿರುವ ರಾಜ್ಯದಲ್ಲಿ ಆ ರಾಯಲ್ಟಿ ಖರ್ಚಾಗಿ ಕಳೆಯುತ್ತದೆ, 1,80,000 ಡಾಲರ್ ತೆರಿಗೆ ಉಳಿಯುತ್ತದೆ. ಡೆಲವೇರ್‌ನಲ್ಲಿ ಆ ಆದಾಯಕ್ಕೆ ತೆರಿಗೆಯೇ ಇಲ್ಲ. ಕೇಂದ್ರದ ರಿಟರ್ನನ್ನು ಇಡೀ ಗುಂಪು ಒಟ್ಟಾಗಿ ಸಲ್ಲಿಸುವುದರಿಂದ ಒಬ್ಬರ ಖರ್ಚು, ಮತ್ತೊಬ್ಬರ ಆದಾಯ ಪರಸ್ಪರ ರದ್ದಾಗುತ್ತವೆ. ರಾಜ್ಯದ ತೆರಿಗೆ ಕೇಂದ್ರದ ಲೆಕ್ಕದಲ್ಲಿ ಖರ್ಚಾದ್ದರಿಂದ, ಅದು ಇಳಿದಾಗ ಕೇಂದ್ರಕ್ಕೆ 37,800 ಡಾಲರ್ ಹೆಚ್ಚು ಕಟ್ಟಬೇಕಾಗುತ್ತದೆ. ನಿವ್ವಳ ಉಳಿತಾಯ 1,42,200 ಡಾಲರ್. ಎಷ್ಟೋ ಗುಂಪುಗಳು ಇಷ್ಟಕ್ಕೇ ನಿಲ್ಲದೆ, ಅಂಗಸಂಸ್ಥೆಯಲ್ಲಿ ಕೂಡಿದ ಹಣವನ್ನು ಸಾಲವಾಗಿ ಮಾತೃಸಂಸ್ಥೆಗೇ ಕೊಟ್ಟು, ಅದರ ಬಡ್ಡಿಯನ್ನೂ ಖರ್ಚೆಂದು ತೋರಿಸಿ ಎರಡನೇ ಬಾರಿ ತೆರಿಗೆ ಉಳಿಸಿದವು. ಅಂಗಡಿಯಲ್ಲಿ ಯಾವ ಬದಲಾವಣೆಯೂ ಆಗಿರುವುದಿಲ್ಲ. ಅದೇ ಸಿಬ್ಬಂದಿ, ಅದೇ ಸರಕು, ಅದೇ ಗ್ರಾಹಕರು.

ಈ ವ್ಯವಸ್ಥೆಯ ಅತ್ಯಂತ ಹೆಸರಾದ ಉದಾಹರಣೆ ಆಟಿಕೆ ಮಾರುವ ಟಾಯ್ಸ್ ಆರ್ ಅಸ್ ಕಂಪನಿಯದು. ತನ್ನ ಜಿರಾಫೆ ಲಾಂಛನದ ಹೆಸರನ್ನೇ ಇಟ್ಟು 1984ರಲ್ಲಿ ಡೆಲವೇರ್‌ನಲ್ಲಿ ತೆರೆದ ಜೆಫ್ರಿ ಎಂಬ ಅಂಗಸಂಸ್ಥೆಗೆ ಅದು ಟ್ರೇಡ್‌ಮಾರ್ಕುಗಳನ್ನು ವಹಿಸಿತ್ತು. ಪೂರ್ಣಾವಧಿಯ ಒಬ್ಬ ನೌಕರನೂ ಇಲ್ಲದ ಜೆಫ್ರಿ 1990ರಲ್ಲಿ 5.5 ಕೋಟಿ ಡಾಲರ್ ಆದಾಯ ಗಳಿಸಿ ಯಾವ ರಾಜ್ಯಕ್ಕೂ ಆದಾಯ ತೆರಿಗೆ ಕಟ್ಟಿರಲಿಲ್ಲ. ತನ್ನ ರಾಜ್ಯದ ಅಂಗಡಿಗಳಲ್ಲಿ ಬಳಕೆಯಾದ ಹೆಸರಿನಿಂದಲೇ ಈ ಆದಾಯ ಬಂದಿರುವಾಗ, ಜೆಫ್ರಿಗೆ ರಾಜ್ಯದಲ್ಲಿ ಕಚೇರಿ ಇಲ್ಲದಿದ್ದರೂ ತೆರಿಗೆ ಹಾಕಬಹುದು ಎಂದು ಸೌತ್ ಕೆರೊಲಿನಾ ಸುಪ್ರೀಂ ಕೋರ್ಟ್ 1993ರಲ್ಲಿ ತೀರ್ಪಿತ್ತಿತು.

ನನ್ನ ಮಟ್ಟಿಗೆ ಹೆಚ್ಚು ಪಾಠ ಹೇಳುವುದು ಮ್ಯಾಸಚೂಸೆಟ್ಸ್ ರಾಜ್ಯದ ಅತ್ಯುನ್ನತ ನ್ಯಾಯಾಲಯ 2002ರಲ್ಲಿ ಕೊಟ್ಟ ಎರಡು ತೀರ್ಪುಗಳು. ಸಿಮ್ಸ್ ಎಂಬ ಬಟ್ಟೆ ವ್ಯಾಪಾರದ ಕಂಪನಿ ಮಾರಾಟದ ಶೇ 4ರಷ್ಟನ್ನು ತನ್ನ ಡೆಲವೇರ್ ಅಂಗಸಂಸ್ಥೆಗೆ ರಾಯಲ್ಟಿಯಾಗಿ ಕೊಡುತ್ತಿತ್ತು. ಆ ಹಣ ಕೆಲವೇ ವಾರ ಅಂಗಸಂಸ್ಥೆಯ ಖಾತೆಯಲ್ಲಿದ್ದು, ಲಾಭಾಂಶದ ರೂಪದಲ್ಲಿ ಸಿಮ್ಸ್‌ಗೇ ಮರಳುತ್ತಿತ್ತು. ಅಂಗಸಂಸ್ಥೆಯ ಏಕೈಕ ಅರೆಕಾಲಿಕ ನೌಕರನಿಗೆ ವರ್ಷಕ್ಕೆ 1,200 ಡಾಲರ್ ಸಂಬಳ. ಟ್ರೇಡ್‌ಮಾರ್ಕುಗಳ ನಿಜವಾದ ಉಸ್ತುವಾರಿ ಮೊದಲಿನಂತೆ ಮಾತೃಸಂಸ್ಥೆಯಲ್ಲೇ ಉಳಿದಿತ್ತು. ಇದು ಬರೀ ತೋರಿಕೆಯ ವ್ಯವಹಾರ ಎಂದು ನ್ಯಾಯಾಲಯ ರಾಯಲ್ಟಿ ಖರ್ಚನ್ನು ತಳ್ಳಿಹಾಕಿತು. ಅದೇ ವರ್ಷ ಬಣ್ಣ ತಯಾರಿಸುವ ಶೆರ್ವಿನ್ ವಿಲಿಯಮ್ಸ್ ಕಂಪನಿಯ ಪ್ರಕರಣದಲ್ಲಿ ಮಾತ್ರ ಅದೇ ನ್ಯಾಯಾಲಯ ಕಂಪನಿಯ ಪರ ನಿಂತಿತು. ಅದರ ಡೆಲವೇರ್ ಅಂಗಸಂಸ್ಥೆಗಳು ಬಂದ ಹಣವನ್ನು ತಾವೇ ಹೂಡಿಕೆ ಮಾಡಿದ್ದವು, ಹೊರಗಿನವರಿಗೂ ಟ್ರೇಡ್‌ಮಾರ್ಕಿನ ಪರವಾನಗಿ ಕೊಟ್ಟಿದ್ದವು. ಎರಡೂ ವ್ಯವಸ್ಥೆಗಳ ನಕ್ಷೆ ಒಂದೇ. ಗೆಲುವು ಸೋಲನ್ನು ನಿರ್ಧರಿಸಿದ್ದು ಕಾಗದಪತ್ರಗಳ ಹಿಂದೆ ಯಾರಾದರೂ ನಿಜವಾಗಿ ಕೆಲಸ ಮಾಡಿದ್ದರೇ ಎಂಬುದು. ತೆರಿಗೆ ಉಳಿಸುವ ಉದ್ದೇಶ ಇದ್ದರೆ ಸಾಕು, ವ್ಯವಹಾರ ಅಕ್ರಮ ಎಂದು ಬರೆಯುವವರೂ, ಕಾಗದ ಸರಿಯಿದ್ದರೆ ಸಾಕು, ಎಲ್ಲವೂ ಸಕ್ರಮ ಎಂದು ಭರವಸೆ ಕೊಡುವವರೂ ಈ ಜೋಡಿ ತೀರ್ಪುಗಳನ್ನು ಓದಬೇಕು.

ಇದರಿಂದ ಒಟ್ಟಾರೆ ಎಷ್ಟು ತೆರಿಗೆ ತಪ್ಪುತ್ತದೆ? ಜರ್ನಲ್ ಆಫ್ ಫೈನಾನ್ಷಿಯಲ್ ಎಕನಾಮಿಕ್ಸ್ ಪತ್ರಿಕೆಯಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಡೆಲವೇರ್ ಆಧಾರಿತ ಯೋಜನೆಗಳು ಕಂಪನಿಗಳ ರಾಜ್ಯ ಆದಾಯ ತೆರಿಗೆಯ ಹೊರೆಯನ್ನು ಸರಾಸರಿ ಶೇ 15ರಿಂದ 24ರಷ್ಟು ಇಳಿಸಿದ್ದವು. ಇದು ಸಣ್ಣ ಮೊತ್ತವಲ್ಲ. ಶಾಲೆ, ರಸ್ತೆಗಳಿಗೆ ಹಣ ಹೊಂದಿಸುವ ರಾಜ್ಯಗಳ ಖಜಾನೆಗೆ ಬರಬೇಕಾಗಿದ್ದ ಹಣ. ಆದರೆ ಈ ಅನುಕೂಲ ಕಾಲಕ್ರಮದಲ್ಲಿ ಕರಗುತ್ತ ಬಂದಿದೆ ಎಂಬುದನ್ನೂ ಅದೇ ಅಧ್ಯಯನ ತೋರಿಸಿತು.

ಕರಗುತ್ತಿರುವುದು ಡೆಲವೇರ್ ತನ್ನ ಕಾನೂನು ಬದಲಿಸಿದ್ದರಿಂದಲ್ಲ, ತೆರಿಗೆ ಕಳೆದುಕೊಳ್ಳುತ್ತಿದ್ದ ರಾಜ್ಯಗಳು ಬದಲಿಸಿದ್ದರಿಂದ. ಕೆಲವು ರಾಜ್ಯಗಳು ಸಂಬಂಧಿತ ಕಂಪನಿಗೆ ಕೊಟ್ಟ ರಾಯಲ್ಟಿ ಮತ್ತು ಬಡ್ಡಿಯನ್ನು ಲಾಭಕ್ಕೆ ಮರಳಿ ಸೇರಿಸಿಯೇ ತೆರಿಗೆ ಲೆಕ್ಕ ಹಾಕಬೇಕೆಂದು ವಿಧಿಸಿದವು. ನ್ಯೂಜೆರ್ಸಿ 2002ರಲ್ಲಿ, ಪೆನ್ಸಿಲ್ವೇನಿಯಾ 2015ರಿಂದ ಈ ದಾರಿ ಹಿಡಿದವು. ಇದು ಅರ್ಧ ಮದ್ದು. ವಿನಾಯಿತಿಗಳ ಪಟ್ಟಿ ಉದ್ದವಿರುವುದರಿಂದ ನುಸುಳಲು ಜಾಗ ಉಳಿಯುತ್ತದೆ. ಇಡೀ ಮದ್ದು ಕಂಬೈನ್ಡ್ ರಿಪೋರ್ಟಿಂಗ್. ಒಂದೇ ಉದ್ಯಮವಾಗಿ ನಡೆಯುವ ಗುಂಪಿನ ಎಲ್ಲ ಕಂಪನಿಗಳ ಲಾಭವನ್ನು ಮೊದಲು ಕೂಡಿಸಿ, ಆಮೇಲೆ ರಾಜ್ಯದ ಪಾಲನ್ನು ತೆಗೆಯುವ ಈ ಪದ್ಧತಿಯಲ್ಲಿ ಮೇಲಿನ ಉದಾಹರಣೆಯ 30 ಲಕ್ಷ ಡಾಲರ್ ರಾಯಲ್ಟಿ ಗುಂಪಿನೊಳಗೇ ರದ್ದಾಗಿ, ಉಳಿತಾಯ ಸೊನ್ನೆಯಾಗುತ್ತದೆ. ಕ್ಯಾಲಿಫೋರ್ನಿಯಾ ದಶಕಗಳಿಂದ ಹೀಗೆಯೇ ನಡೆದುಕೊಂಡಿದೆ. ವರ್ಮಾಂಟ್ 2006ರಲ್ಲಿ, ಮ್ಯಾಸಚೂಸೆಟ್ಸ್ ಮತ್ತು ವಿಸ್ಕಾನ್ಸಿನ್ 2009ರಲ್ಲಿ ಸೇರಿಕೊಂಡವು. ಈಗ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇದೇ ನಿಯಮ. ಪೆನ್ಸಿಲ್ವೇನಿಯಾ ಮತ್ತು ಆಗ್ನೇಯ ಭಾಗದ ಹಲವು ರಾಜ್ಯಗಳು ಮಾತ್ರ ಇನ್ನೂ ಪ್ರತ್ಯೇಕ ಲೆಕ್ಕದಲ್ಲೇ ಉಳಿದಿವೆ. ಬಾಗಿಲು ತೆರೆದಿಟ್ಟ ರಾಜ್ಯದ ಶಾಸಕರು ಡೆಲವೇರ್ ಕಡೆ ಬೆರಳು ತೋರಿಸುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಆ ಬಾಗಿಲು ಮುಚ್ಚುವ ಅಧಿಕಾರ ಅವರ ಸದನಕ್ಕೇ ಇದೆ.

ಜರ್ಮನಿ ಇದೇ ಸಮಸ್ಯೆಯನ್ನು ಬೇರೆ ರೀತಿ ಎದುರಿಸಿತು. ಅಲ್ಲಿ ಸ್ಥಳೀಯ ವ್ಯಾಪಾರ ತೆರಿಗೆಯ ದರವನ್ನು ಊರಿನ ಆಡಳಿತವೇ ತೀರ್ಮಾನಿಸುತ್ತದೆ. ಉತ್ತರ ಕರಾವಳಿಯ ನೋರ್ಡರ್‌ಫ್ರೀಡ್ರಿಕ್ಸ್‌ಕೂಗ್ ಎಂಬ ಬೆರಳೆಣಿಕೆಯ ಮನೆಗಳ ಹಳ್ಳಿ ದರವನ್ನು ಸೊನ್ನೆಗಿಟ್ಟಿದ್ದರಿಂದ ದೊಡ್ಡ ಕಂಪನಿಗಳ ಅಂಗಸಂಸ್ಥೆಗಳು ರೈತರ ಮನೆಗಳಲ್ಲಿ ಕೋಣೆ ಬಾಡಿಗೆ ಹಿಡಿದು ಕಚೇರಿ ತೆರೆದವು. ಯಾವ ಊರೂ ಒಂದು ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಯುವಂತಿಲ್ಲ ಎಂದು 2004ರಲ್ಲಿ ಕೇಂದ್ರ ಕಾನೂನು ಬಂದ ಮೇಲೆ ಸೊನ್ನೆ ದರದ ಆಟ ಮುಗಿಯಿತು. ಅಮೆರಿಕದ ಕಾಂಗ್ರೆಸ್ ಇಂಥ ಕನಿಷ್ಠ ಮಿತಿಯನ್ನು ರಾಜ್ಯಗಳ ಮೇಲೆ ಹೇರಿಲ್ಲವಾದ್ದರಿಂದ ಪ್ರತಿ ರಾಜ್ಯವೂ ತನ್ನ ಬೇಲಿಯನ್ನು ತಾನೇ ಕಟ್ಟಿಕೊಳ್ಳಬೇಕಾಗಿದೆ.

ತೆರಿಗೆ ಸ್ವರ್ಗವನ್ನು ಗುರುತಿಸಲು, ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಒಕ್ಕೂಟವಾದ ಒಇಸಿಡಿ ಸಂಸ್ಥೆ 1998ರಲ್ಲಿ ಇಟ್ಟ ಅಳತೆಗಳು ನಾಲ್ಕು: ತೆರಿಗೆ ಇಲ್ಲದಿರುವುದು ಅಥವಾ ನಾಮಮಾತ್ರ ಇರುವುದು, ಮಾಹಿತಿ ವಿನಿಮಯ ಇಲ್ಲದಿರುವುದು, ಪಾರದರ್ಶಕತೆಯ ಕೊರತೆ, ನೈಜ ಚಟುವಟಿಕೆಯನ್ನು ಕೇಳದಿರುವುದು. ಅದು ದೇಶಗಳಿಗಾಗಿ ಮಾಡಿದ ಅಳತೆಯಾದರೂ ಡೆಲವೇರ್‌ಗೆ ಹಿಡಿದು ನೋಡಿದರೆ, ತೆರಿಗೆಯ ವಿಷಯದಲ್ಲಿ ಅಮೂರ್ತ ಆಸ್ತಿಗಳ ಕಂಪನಿಗಳ ಮಟ್ಟಿಗೆ ಮಾತ್ರ ಅದು ಸ್ವರ್ಗ ಎನ್ನಬಹುದು. ನನ್ನನ್ನು ಹೆಚ್ಚು ಕಾಡುವುದು ಪಾರದರ್ಶಕತೆಯ ಅಳತೆ. ಎಲ್‌ಎಲ್‌ಸಿ (ಸೀಮಿತ ಹೊಣೆಗಾರಿಕೆಯ ಕಂಪನಿ) ಮಾದರಿಯ ಸಂಸ್ಥೆಯನ್ನು ವರ್ಷಕ್ಕೆ 300 ಡಾಲರ್ ತೆರಿಗೆ ಕಟ್ಟಿ ಇಟ್ಟುಕೊಳ್ಳಬಹುದು. ಅದರ ನಿಜವಾದ ಒಡೆಯರ ಹೆಸರನ್ನು ರಾಜ್ಯದ ದಾಖಲೆಯಲ್ಲಿ ಬರೆಸಬೇಕಾಗಿಲ್ಲ. ಇದನ್ನು ಸರಿಪಡಿಸಲೆಂದೇ ಬಂದ ಕಾರ್ಪೊರೇಟ್ ಪಾರದರ್ಶಕತಾ ಕಾಯ್ದೆ 2024ರ ಜನವರಿಯಿಂದ ಜಾರಿಯಾಗಿ, ಕಂಪನಿಗಳು ತಮ್ಮ ಒಡೆಯರ ವಿವರವನ್ನು ಕೇಂದ್ರ ಖಜಾನೆ ಇಲಾಖೆಗೆ ಕೊಡಬೇಕಾಗಿತ್ತು. 2025ರ ಮಾರ್ಚ್‌ನಲ್ಲಿ ಇಲಾಖೆ ದೇಶದೊಳಗೆ ಸ್ಥಾಪನೆಯಾದ ಕಂಪನಿಗಳನ್ನು ಆ ಹೊಣೆಯಿಂದ ಬಿಡುಗಡೆ ಮಾಡಿತು. ಇದು ತಪ್ಪು ನಿರ್ಧಾರ ಎಂಬುದು ನನ್ನ ಖಚಿತ ಅಭಿಪ್ರಾಯ. ರಾಯಲ್ಟಿ ಯೋಜನೆಯನ್ನು ಲೆಕ್ಕಪರಿಶೋಧಕರು ರಿಟರ್ನ್ ನೋಡಿ ಹಿಡಿಯಬಲ್ಲರು, ಏಕೆಂದರೆ ಅಲ್ಲಿ ಯಾರು ಯಾರಿಗೆ ಕೊಟ್ಟರು ಎಂಬುದು ಕಾಗದದ ಮೇಲಿರುತ್ತದೆ. ಒಡೆಯರೇ ಯಾರೆಂದು ತಿಳಿಯದ ಸಂಸ್ಥೆಯ ಬೆನ್ನು ಹತ್ತುವುದಕ್ಕೆ ಆರಂಭದ ಎಳೆಯೇ ಸಿಗುವುದಿಲ್ಲ.

ಎಂಬತ್ತು, ತೊಂಬತ್ತರ ದಶಕಗಳಲ್ಲಿ ಹುಟ್ಟಿದ ಡೆಲವೇರ್ ಅಂಗಸಂಸ್ಥೆಗಳು ಇಂದಿಗೂ ಎಷ್ಟೋ ಗುಂಪುಗಳ ನಕ್ಷೆಯಲ್ಲಿ ಉಳಿದುಕೊಂಡಿವೆ. ಗುಂಪು ವ್ಯಾಪಾರ ಮಾಡುವ ರಾಜ್ಯಗಳೆಲ್ಲ ಕಂಬೈನ್ಡ್ ರಿಪೋರ್ಟಿಂಗ್‌ಗೆ ಬಂದಿದ್ದರೆ ಆ ಅಂಗಸಂಸ್ಥೆಯಿಂದ ಬರುತ್ತಿದ್ದ ಲಾಭ ನಿಂತಿರುತ್ತದೆ, ಏಜೆಂಟರ ಶುಲ್ಕ, ಫ್ರಾಂಚೈಸ್ ತೆರಿಗೆ, ನಿರ್ದೇಶಕರ ಸಭೆಯ ಖರ್ಚು ಮಾತ್ರ ನಡೆದೇ ಇರುತ್ತದೆ. ಅಂಥ ಕಂಪನಿಯನ್ನು ಮುಚ್ಚುವುದೇ ಲೇಸು ಎಂದು ನಾನು ಸಲಹೆ ಕೊಡುತ್ತೇನೆ. ಆದರೆ ಮುಚ್ಚುವ ಮೊದಲು ಟ್ರೇಡ್‌ಮಾರ್ಕಿನ ಹಕ್ಕು ದಾಖಲೆಯಲ್ಲಿ ಯಾರ ಹೆಸರಿನಲ್ಲಿದೆ, ಹೊರಗಿನವರಿಗೆ ಕೊಟ್ಟ ಪರವಾನಗಿಗಳಲ್ಲಿ ಯಾರು ಸಹಿ ಮಾಡಿದ್ದಾರೆ, ಮಾತೃಸಂಸ್ಥೆಗೆ ಕೊಟ್ಟ ಸಾಲ ಪುಸ್ತಕದಲ್ಲಿ ಬಾಕಿ ಇದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಹಕ್ಕನ್ನು ಮೊದಲು ಮಾತೃಸಂಸ್ಥೆಗೆ ಬರೆದುಕೊಟ್ಟು, ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಕಚೇರಿಯಲ್ಲಿ ಅದನ್ನು ದಾಖಲಿಸಿದ ನಂತರವೇ ವಿಸರ್ಜನೆಯ ಅರ್ಜಿ ಹೋಗಬೇಕು; ಈ ಕ್ರಮ ತಪ್ಪಿದರೆ, ಅಸ್ತಿತ್ವದಲ್ಲೇ ಇಲ್ಲದ ಕಂಪನಿಯ ಹೆಸರಿನಲ್ಲಿ ಟ್ರೇಡ್‌ಮಾರ್ಕ್ ಉಳಿದು, ಮುಂದೆ ಕಂಪನಿಯನ್ನು ಮಾರುವ ಸಮಯದಲ್ಲಿ ಖರೀದಿದಾರರ ವಕೀಲರು ಅದನ್ನೇ ಹಿಡಿದು ವ್ಯವಹಾರವನ್ನು ತಡೆಯುತ್ತಾರೆ.