ನಿರೀಕ್ಷೆ ಎಂದದ್ದು ‘ಕ್ಯಾತೆ’ ಆಗುವುದು ಹೇಗೆ?

ವಿದೇಶಿ ರಾಜತಾಂತ್ರಿಕರಿಗೆ ‘ಸಮನ್ಸ್’ ಎಂಬ ತಲೆಬರಹ ಕಂಡರೆ ದಾವಣಗೆರೆಯ ಓದುಗರಿಗೆ ಮೊದಲು ನೆನಪಾಗುವುದು ಕೋರ್ಟು. ಜಮೀನು ವ್ಯಾಜ್ಯಕ್ಕೋ ಚೆಕ್ ಬೌನ್ಸ್ ಕೇಸಿಗೋ ಮನೆಬಾಗಿಲಿಗೆ ಬರುವ ಕಾಗದ ಅದು. ರಾಜತಾಂತ್ರಿಕತೆಯಲ್ಲಿ ಇದರ ಅರ್ಥ ಬೇರೆ: ವಿದೇಶಾಂಗ ಸಚಿವಾಲಯ ರಾಯಭಾರ ಕಚೇರಿಯವರನ್ನು ಕರೆಸಿ ತನ್ನ ಆಕ್ಷೇಪ ತಿಳಿಸುತ್ತದೆ, ಅವರು ಕೇಳಿಸಿಕೊಂಡು ಹೋಗುತ್ತಾರೆ. ರಾಜತಾಂತ್ರಿಕ ಮಾತು ಸುದ್ದಿಯಾಗುವಾಗ ಸೇರಿಕೊಳ್ಳುವ ಉತ್ಪ್ರೇಕ್ಷೆ ಈ ಒಂದು ಪದದಿಂದಲೇ ಶುರುವಾಗುತ್ತದೆ.

ಇದರ ಹಳೆಯ ಉದಾಹರಣೆ 1870ರದ್ದು. ಆ ಜುಲೈ 13ರಂದು ಎಮ್ಸ್ ಪಟ್ಟಣದಲ್ಲಿ ಫ್ರೆಂಚ್ ರಾಯಭಾರಿ ಬೆನೆಡೆಟ್ಟಿ ಜರ್ಮನ್ ರಾಜ್ಯವಾದ ಪ್ರಷ್ಯಾದ ರಾಜ ಒಂದನೇ ವಿಲ್ಹೆಲ್ಮ್‌ನನ್ನು ಭೇಟಿಯಾಗಿ, ರಾಜನ ಹೊಹೆನ್‌ಜೊಲರ್ನ್ ಮನೆತನದವರು ಮತ್ತೆಂದೂ ಸ್ಪೇನ್ ಸಿಂಹಾಸನಕ್ಕೆ ನಿಲ್ಲುವುದಿಲ್ಲವೆಂಬ ಭರವಸೆ ಕೇಳಿದ. ರಾಜ ಒಪ್ಪಲಿಲ್ಲ. ಈ ವಿವರದ ತಂತಿ ಕೈಸೇರಿದಾಗ ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್ ಹೊಸ ಸುಳ್ಳು ಸೇರಿಸಲಿಲ್ಲ, ಬರೀ ಕತ್ತರಿಸಿ ಪತ್ರಿಕೆಗಳಿಗೆ ಕೊಟ್ಟ. ಸೌಜನ್ಯದ ಮಾತೆಲ್ಲ ಹೋಗಿ ಉಳಿದದ್ದು ಒರಟು ನಿರಾಕರಣೆ. ಅನುವಾದ ಅದಕ್ಕೆ ಇನ್ನಷ್ಟು ಖಾರ ಹಚ್ಚಿತು: ರಾಜನ ಉತ್ತರ ಒಯ್ದವನು ‘ಅಡ್ಜುಟಂಟ್’, ಜರ್ಮನ್ನಿನಲ್ಲಿ ಹಿರಿಯ ಸಹಾಯಕ ಅಧಿಕಾರಿ. ಫ್ರೆಂಚ್ ಓದುಗರಿಗೆ ಅದು ಕೆಳದರ್ಜೆಯ ಸೈನಿಕನ ಹುದ್ದೆಯಾಗಿ ಕಂಡಿತು. ಜುಲೈ 19ಕ್ಕೆ ಫ್ರಾನ್ಸ್ ಯುದ್ಧ ಸಾರಿತು. ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಕಿಡಿ ಹೊತ್ತಿದ್ದು ಆ ಕತ್ತರಿಯಿಂದ.

ನಮ್ಮ ಕಾಲಕ್ಕೆ ಬರೋಣ. 2024ರ ಮಾರ್ಚ್ 21ರಂದು ದೆಹಲಿಯ ಆಗಿನ ಮುಖ್ಯಮಂತ್ರಿ ಕೇಜ್ರಿವಾಲ್ ಬಂಧನವಾಯಿತು. ಮರುದಿನ ಜರ್ಮನ್ ವಿದೇಶಾಂಗ ವಕ್ತಾರರು, ಪ್ರಶ್ನೆಯೊಂದಕ್ಕೆ ಉತ್ತರವಾಗಿ, ನ್ಯಾಯಾಂಗ ಸ್ವಾತಂತ್ರ್ಯದ ಮಾನದಂಡಗಳು ಈ ಪ್ರಕರಣಕ್ಕೂ ಅನ್ವಯವಾಗುತ್ತವೆಂದು ನಿರೀಕ್ಷಿಸುತ್ತೇವೆ ಎಂದರು. 23ರಂದು ಭಾರತ ಜರ್ಮನ್ ರಾಯಭಾರ ಕಚೇರಿಯ ಉಪ ಮುಖ್ಯಸ್ಥರನ್ನು ಕರೆಸಿ, ಇದು ನ್ಯಾಯಾಂಗ ಪ್ರಕ್ರಿಯೆಯಲ್ಲಿ ಹಸ್ತಕ್ಷೇಪ ಎಂದು ಪ್ರತಿಭಟಿಸಿತು. ಹೀಗೆ ಆಕ್ಷೇಪಿಸುವ ಹಕ್ಕು ಭಾರತಕ್ಕಿದೆ. 1961ರ ವಿಯೆನ್ನಾ ಒಪ್ಪಂದದ 41ನೇ ವಿಧಿ ಆತಿಥೇಯ ದೇಶದ ಆಂತರಿಕ ವಿಷಯದಲ್ಲಿ ರಾಜತಾಂತ್ರಿಕರು ತಲೆಹಾಕಬಾರದು ಎನ್ನುತ್ತದೆ. ಆದರೆ ಬಂಧನ ತಪ್ಪು ಎಂದು ಆ ವಕ್ತಾರರು ಹೇಳಿರಲಿಲ್ಲ. ಅಲ್ಲದೆ ಅವರು ಮಾತನಾಡಿದ್ದು ಬರ್ಲಿನ್‌ನಲ್ಲಿ, ದೆಹಲಿಯ ರಾಯಭಾರಿಯಾಗಿ ಅಲ್ಲ.

ಸುದ್ದಿಮನೆಯಲ್ಲಿ ಜಾರುವುದು ಹೆಚ್ಚಾಗಿ ಕ್ರಿಯಾಪದ. ರಾಜತಾಂತ್ರಿಕ ಭಾಷೆಗೆ ಮೆಟ್ಟಿಲುಗಳಿವೆ: ‘ಗಮನಿಸುತ್ತಿದ್ದೇವೆ’ ತೀರಾ ಕೆಳಗಿನದು, ಮೇಲೆ ‘ಕಳವಳ’, ಇನ್ನೂ ಮೇಲೆ ‘ತೀವ್ರ ಕಳವಳ’, ತುದಿಯಲ್ಲಿ ‘ಖಂಡನೆ’. ‘ಕ್ಯಾತೆ’, ‘ತರಾಟೆ’, ‘ಮೂಗು ತೂರಿಸಿದ’ ಎಂಬ ಪದಗಳಿಗೆ ಈ ಏಣಿಯಲ್ಲಿ ಜಾಗವೇ ಇಲ್ಲ. ಒಂದೇ ಕಾಲಂಗೆ ಹೊಂದುತ್ತವೆ ಎಂಬ ಕಾರಣಕ್ಕೆ ಅವು ಬರುತ್ತವೆ. ಅದೇ ತಲೆಬರಹದ ಫೋಟೊ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋದಾಗ ಕೆಳಗಿನ ಸುದ್ದಿ ಜೊತೆಗೆ ಹೋಗುವುದಿಲ್ಲ.

ಹಾಗಾಗಿ ಇಂಥ ಸುದ್ದಿಯಲ್ಲಿ ಮೊದಲು ಹುಡುಕಬೇಕಾದದ್ದು ಉದ್ಧರಣ ಚಿಹ್ನೆಯೊಳಗಿನ ಪೂರ್ಣ ವಾಕ್ಯ. ಆಮೇಲೆ ಆಡಿದವರ ಹುದ್ದೆ, ತಾವಾಗಿ ಹೇಳಿದ್ದೋ ಪ್ರಶ್ನೆಗೆ ಉತ್ತರವೋ ಎಂಬುದು. ಡೆಸ್ಕಿನವರಿಗೂ ಹೇಳುವುದಿದೆ: ‘ನ್ಯಾಯಯುತ ವಿಚಾರಣೆ ನಿರೀಕ್ಷೆ: ಜರ್ಮನಿ’ ಎಂಬ ತಲೆಬರಹ ಎರಡು ಕಾಲಂನಲ್ಲಿ ಸಲೀಸಾಗಿ ಕೂರುತ್ತದೆ.